ಹಳೆಯ ಟರ್ಬೊ ಕಾರಿಗೆ ಬದಲಿ ಇಂಜೆಕ್ಟರ್: ವಿದ್ಯುತ್ ಹೊಂದಾಣಿಕೆ ಹೇಗೆ?

ಡೀಸೆಲ್ ಪಂಪ್‌ಸೆಟ್ಟಿನ ನಾಜಲ್ ಕೆಟ್ಟರೆ ಅದೇ ಅಳತೆಯ ನಾಜಲ್ ತಂದು, ಒತ್ತಡ ಸರಿಮಾಡಿಸಿ ಹಾಕಿದರೆ ಕೆಲಸ ಮುಗಿಯಿತು. ಅಲ್ಲಿ ನಾಜಲನ್ನು ತೆರೆಯುವುದು ಇಂಧನದ ಒತ್ತಡವೇ. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿನಲ್ಲಿ ಹಾಗಲ್ಲ. ಅಲ್ಲಿ ಇಂಜೆಕ್ಟರನ್ನು ತೆರೆಯುವುದು ಅದರೊಳಗಿನ ವಿದ್ಯುತ್ ಸುರುಳಿ. ಆದ್ದರಿಂದ ಅದು ರಂಧ್ರಕ್ಕೆ ಸರಿಯಾಗಿ ಕುಳಿತರೆ ಸಾಲದು, ಕಾರಿನ ವಿದ್ಯುತ್ ವ್ಯವಸ್ಥೆಗೂ ಒಗ್ಗಬೇಕು. ಒಗ್ಗದಿದ್ದರೆ ನಿಯಂತ್ರಣ ಪೆಟ್ಟಿಗೆ ಸುಡಬಹುದು, ಇಲ್ಲವೆ ಪಿಸ್ಟನ್ ಕರಗಬಹುದು. ಗ್ರಾಮಾಂತರದಲ್ಲಿ ಗ್ಯಾರೇಜು ನಡೆಸುವ ಯುವಕರಿಗೂ ವಾಹನ ಇಟ್ಟುಕೊಂಡ ರೈತರಿಗೂ ಈ ಲೆಕ್ಕ ತಿಳಿದಿರುವುದು ಒಳ್ಳೆಯದು.

ಎರಡು ಜಾತಿಯ ಸುರುಳಿಗಳು

ಇಂಜೆಕ್ಟರಿನ ಒಂದು ತಂತಿಗೆ ಬ್ಯಾಟರಿಯ ವಿದ್ಯುತ್ ಸದಾ ಬರುತ್ತಿರುತ್ತದೆ. ಇನ್ನೊಂದು ತಂತಿಯನ್ನು ನಿಯಂತ್ರಣ ಪೆಟ್ಟಿಗೆಯು ಕೆಲವು ಮಿಲಿಸೆಕೆಂಡು ಕಾಲ ಭೂಮಿಗೆ ಸೇರಿಸುತ್ತದೆ. ಆಗ ಸುರುಳಿ ಕಾಂತವಾಗಿ, ಸೂಜಿ ಮೇಲೆದ್ದು, ಪೆಟ್ರೋಲ್ ಸಿಂಪಡಣೆಯಾಗುತ್ತದೆ.

ಸುರುಳಿಗಳಲ್ಲಿ ಎರಡು ಬಗೆ. ಹೆಚ್ಚು ರೋಧದವು ಸುಮಾರು 12ರಿಂದ 16 ಓಮ್. ಕಡಿಮೆ ರೋಧದವು ಸುಮಾರು 2ರಿಂದ 4 ಓಮ್. ಹಿಂದಿನ ಟರ್ಬೊ ಕಾರುಗಳಿಗೆ ದೊಡ್ಡ ಇಂಜೆಕ್ಟರ್ ಬೇಕಿತ್ತು. ಅದು ಚುರುಕಾಗಿ ತೆರೆಯಲೆಂದು ಕಡಿಮೆ ರೋಧದ ಸುರುಳಿಯನ್ನೇ ಹೆಚ್ಚಾಗಿ ಬಳಸುತ್ತಿದ್ದರು. ಪ್ರವಾಹ ಮಿತಿ ಮೀರದಂತೆ ಪ್ರತಿ ಇಂಜೆಕ್ಟರಿನ ಸರಣಿಯಲ್ಲಿ ಒಂದು ರೋಧಕವನ್ನು ಇಡುತ್ತಿದ್ದರು. 1980ರ ದಶಕದ ಕೊನೆಯ ಟೊಯೊಟಾ ಸುಪ್ರಾ ಟರ್ಬೊ ಇದಕ್ಕೆ ಒಳ್ಳೆಯ ಉದಾಹರಣೆ. ಅದರ 3 ಲೀಟರಿನ ಆರು ಸಿಲಿಂಡರ್ ಎಂಜಿನ್ನಿಗೆ ನಿಮಿಷಕ್ಕೆ 440 ಘನ ಸೆಂ.ಮೀ. ಹರಿವಿನ, ಕಡಿಮೆ ರೋಧದ ಆರು ಇಂಜೆಕ್ಟರುಗಳಿದ್ದು, ಜೊತೆಗೆ ರೋಧಕಗಳ ಪೆಟ್ಟಿಗೆ ಇರುತ್ತದೆ.

ಲೆಕ್ಕ ಮಾಡಿ ನೋಡೋಣ

ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಎಂಜಿನ್ ಓಡುತ್ತಿರುವಾಗ 14 ವೋಲ್ಟ್, ಕಡಿಮೆ ರೋಧದ ಸುರುಳಿ 2.5 ಓಮ್, ಹೆಚ್ಚು ರೋಧದ್ದು 14.5 ಓಮ್, ರೋಧಕ 6 ಓಮ್ ಎಂದಿಟ್ಟುಕೊಳ್ಳೋಣ.

1. ಕಡಿಮೆ ರೋಧದ ಸುರುಳಿ, ರೋಧಕದೊಡನೆ: 14 ÷ 8.5 = 1.65 ಆಂಪಿಯರ್. ಇದು ಸರಿ.

2. ಅದೇ ಸುರುಳಿ, ರೋಧಕವಿಲ್ಲದೆ: 14 ÷ 2.5 = 5.6 ಆಂಪಿಯರ್. ಮೂರು ಪಟ್ಟಿಗೂ ಮಿಕ್ಕಿದ ಈ ಪ್ರವಾಹದಿಂದ ನಿಯಂತ್ರಣ ಪೆಟ್ಟಿಗೆಯ ಟ್ರಾನ್ಸಿಸ್ಟರ್ ಕಾದು ಸುಡುತ್ತದೆ.

3. ಹೆಚ್ಚು ರೋಧದ ಸುರುಳಿ, ರೋಧಕವಿಲ್ಲದೆ: 14 ÷ 14.5 = ಸುಮಾರು 1 ಆಂಪಿಯರ್. ಇದೂ ಸರಿ.

4. ಹೆಚ್ಚು ರೋಧದ ಸುರುಳಿ, ಹಳೆಯ ರೋಧಕವನ್ನು ಹಾಗೆಯೇ ಬಿಟ್ಟರೆ: 14 ÷ 20.5 = 0.68 ಆಂಪಿಯರ್. ಏನೂ ಸುಡುವುದಿಲ್ಲ, ಆದರೆ ಸೂಜಿ ತಡವಾಗಿ ಏಳುತ್ತದೆ.

ಜನ ಹೆಚ್ಚಾಗಿ ಎಡವುವುದು ಈ ನಾಲ್ಕನೆಯದರಲ್ಲಿ. ಸ್ಟಾರ್ಟ್ ಮಾಡುವಾಗ ಬ್ಯಾಟರಿ 10 ವೋಲ್ಟಿಗೆ ಇಳಿದರೆ ಸುರುಳಿಗೆ ಸಿಗುವುದು ಬರೀ 7 ವೋಲ್ಟ್. ಚಳಿಗಾಲದ ಬೆಳಗ್ಗೆ ಕಾರು ಹೊರಡದಿದ್ದರೆ ಆಶ್ಚರ್ಯವಿಲ್ಲ. ಹೆಚ್ಚು ರೋಧದ ಇಂಜೆಕ್ಟರ್ ಹಾಕಿದಾಗ ರೋಧಕವನ್ನು ಬಳಸಿ ದಾಟಿಸಿ, ವಿದ್ಯುತ್ತನ್ನು ನೇರವಾಗಿ ಇಂಜೆಕ್ಟರಿಗೆ ಕೊಡಬೇಕು.

ಕೆಲವು ಕಾರುಗಳಲ್ಲಿ ರೋಧಕವೇ ಇರುವುದಿಲ್ಲ. ಪೆಟ್ಟಿಗೆಯೇ ಮೊದಲು ಸುಮಾರು 4 ಆಂಪಿಯರ್ ಕೊಟ್ಟು ಸೂಜಿ ಎಬ್ಬಿಸಿ, ಬಳಿಕ 1 ಆಂಪಿಯರಿಗೆ ಇಳಿಸಿ ಹಿಡಿದಿಡುತ್ತದೆ. ಅಂಥ ಕಾರಿನಲ್ಲಿ ಕೈಪಿಡಿ ನೋಡದೆ ಏನನ್ನೂ ಸೇರಿಸಬಾರದು, ತೆಗೆಯಲೂ ಬಾರದು.

ಟರ್ಬೊ ಎಂಜಿನ್ನಿಗೆ ಅಪಾಯ ಏಕೆ ಹೆಚ್ಚು?

ಸೂಜಿ ಏಳಲು ಸುಮಾರು 1 ಮಿಲಿಸೆಕೆಂಡು ಬೇಕು. ನಿಧಾನ ಓಟದಲ್ಲಿ ಇಂಜೆಕ್ಟರ್ ತೆರೆದಿರುವುದೇ 2–3 ಮಿಲಿಸೆಕೆಂಡು. ಹೀಗಿರುವಾಗ ಅರ್ಧ ಮಿಲಿಸೆಕೆಂಡಿನ ತಡವೂ ಪೆಟ್ರೋಲಿನ ಪ್ರಮಾಣವನ್ನು ಬಹಳ ಕಡಿಮೆ ಮಾಡುತ್ತದೆ. ಹಗುರ ಓಟದಲ್ಲಿ ಹೊಗೆಕೊಳವೆಯ ಆಮ್ಲಜನಕ ಸಂವೇದಕವು ಇದನ್ನು ತಿದ್ದುತ್ತದೆ. ಟರ್ಬೊ ಪೂರ್ಣ ಒತ್ತಡದಲ್ಲಿರುವಾಗ ಹಳೆಯ ಕಾರುಗಳಲ್ಲಿ ಆ ತಿದ್ದುಪಡಿ ನಡೆಯುವುದಿಲ್ಲ. ಆಗ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಬಡಿದುಕೊಂಡು ಪಿಸ್ಟನ್ ತೂತಾಗುತ್ತದೆ.

ಹರಿವಿನ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. 4 ಬಾರ್ ಒತ್ತಡದಲ್ಲಿ 440 ಎಂದು ಬರೆದ ಇಂಜೆಕ್ಟರ್ 3 ಬಾರಿನಲ್ಲಿ ಕೊಡುವುದು ಸುಮಾರು 381 ಮಾತ್ರ, ಅಂದರೆ ಶೇಕಡ 13 ಕಡಿಮೆ. ಇನ್ನೊಂದು ಸಂಗತಿ: ನಮ್ಮ ಕಬ್ಬು ಮತ್ತು ಮೆಕ್ಕೆಜೋಳದಿಂದ ಬಂದ ಎಥನಾಲ್ ಈಗ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಬೆರೆಯುತ್ತಿದೆ. ಇಂಥ ಇಂಧನ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇಕಡ 7ರಷ್ಟು ಹೆಚ್ಚು ಬೇಕಾಗುತ್ತದೆ. ಹಳೆಯ ರಬ್ಬರ್ ಉಂಗುರಗಳೂ ಇದಕ್ಕೆ ಬಾಳುವುದಿಲ್ಲ. ಎಥನಾಲ್ ತಾಳುವ ಉಂಗುರಗಳನ್ನೇ ಹಾಕಬೇಕು.

ಅಳೆಯುವ ಕ್ರಮ

1. ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ಋಣ ತಂತಿ ಬಿಚ್ಚಿ, ಇಂಜೆಕ್ಟರಿನ ಪ್ಲಗ್ ಕಳಚಿ.

2. ಮಲ್ಟಿಮೀಟರನ್ನು 200 ಓಮಿಗೆ ತಿರುಗಿಸಿ. ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ, ಬಂದ ಅಂಕಿಯನ್ನು ಬರೆದುಕೊಳ್ಳಿ. ಮುಂದಿನ ಅಳತೆಗಳಲ್ಲಿ ಇದನ್ನು ಕಳೆಯಬೇಕು.

3. ಪ್ರತಿ ಇಂಜೆಕ್ಟರನ್ನೂ ಬೇರೆ ಬೇರೆ ಅಳೆಯಿರಿ. ತಾಮ್ರ ಬಿಸಿಯಾದಂತೆ ರೋಧ ಏರುತ್ತದೆ. 20 ಡಿಗ್ರಿಯಲ್ಲಿ 2.5 ಓಮ್ ಇದ್ದದ್ದು 80 ಡಿಗ್ರಿಯಲ್ಲಿ 3 ಓಮ್ ದಾಟುತ್ತದೆ.

4. ರೋಧಕಗಳನ್ನೂ ಅಳೆಯಿರಿ. ಹೊಸದು ಹಾಕುವುದಾದರೆ ಲೋಹದ ಕವಚವಿರುವ, ಶಾಖ ತಾಳುವ ರೋಧಕ ಬೇಕು. ನಮ್ಮ ಉದಾಹರಣೆಯಲ್ಲಿ ಒಂದೊಂದರಲ್ಲೂ 16 ವಾಟ್‌ವರೆಗೆ ಶಾಖ ಹುಟ್ಟುತ್ತದೆ.

5. ಎಲ್ಲ ಇಂಜೆಕ್ಟರುಗಳೂ ಒಂದೇ ಜಾತಿ, ಒಂದೇ ಹರಿವಿನವಾಗಿರಲಿ. ಒಂದನ್ನು ಮಾತ್ರ ಬೇರೆ ಹಾಕಬೇಡಿ.

ಎಚ್ಚರಿಕೆ

ಕೊಳವೆ ಬಿಚ್ಚುವ ಮೊದಲು ಪೆಟ್ರೋಲಿನ ಒತ್ತಡ ಇಳಿಸಿ. ಹತ್ತಿರ ಬೀಡಿ, ಬೆಂಕಿ ಬೇಡ. ಕಡಿಮೆ ರೋಧದ ಇಂಜೆಕ್ಟರನ್ನು ಪರೀಕ್ಷೆಗೆಂದು ನೇರವಾಗಿ ಬ್ಯಾಟರಿಗೆ ಹಿಡಿಯಬೇಡಿ, ಸುರುಳಿ ಸುಡುತ್ತದೆ. ಹೊಸ ಕಾಮನ್ ರೇಲ್ ಡೀಸೆಲ್ ಎಂಜಿನ್ನುಗಳಿಗೆ ಈ ಪಾಠ ಅನ್ವಯಿಸುವುದಿಲ್ಲ. ಅಲ್ಲಿ ಇಂಧನದ ಒತ್ತಡ 1,000 ಬಾರ್ ಮೀರುತ್ತದೆ. ಇಂಜೆಕ್ಟರಿನ ವೋಲ್ಟೇಜೂ ಬ್ಯಾಟರಿಗಿಂತ ಬಹಳ ಹೆಚ್ಚು.

ಅಂಗಡಿಗೆ ಹೋಗುವ ಮುನ್ನ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಸುರುಳಿಯ ಓಮ್, ರೋಧಕದ ಓಮ್, ಒತ್ತಡದೊಡನೆ ಹರಿವು. ಈ ಮೂರೂ ಹೊಂದಿದರೆ ಮಾತ್ರ ಹಣ ಕೊಡಿ.