ದೀಪದ ಬಳಿಯ ಚತುರಿಂದ್ರಿಯ ಜೀವಿಗಳು

ವಿದ್ಯುದ್ದೀಪದಲ್ಲಿ ತಟ್ಟೆಯೊಳಗಿನ ಕೂದಲೂ ಕಾಣುವಾಗ ರಾತ್ರಿಭೋಜನ ತ್ಯಾಗವೇಕೆಂದು ತರುಣರು ಕೇಳುವರು. ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾವ್ರತದ ಐದು ಭಾವನೆಗಳಲ್ಲಿ ಆಲೋಕಿತಪಾನಭೋಜನವನ್ನು, ಎಂದರೆ ನೋಡಿ ಉಣ್ಣುವುದನ್ನು, ಹೇಳಿದೆ. ದೀಪವಿದ್ದರೆ ನೋಡಬಹುದಲ್ಲವೆ?

ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದಂತಹ ಊರಿನಲ್ಲಿ, ಮುಂಗಾರಿನ ಮಳೆ ನಿಂತ ಸಂಜೆ, ಪಡಸಾಲೆಯ ದೀಪ ಹಾಕಿ ನೋಡಿರಿ. ಮೊದಲು ರೆಕ್ಕೆ ಬಂದ ಗೆದ್ದಲು, ಬಳಿಕ ಪತಂಗ, ದುಂಬಿ, ಹೆಸರರಿಯದ ಹಸಿರು ಹುಳುಗಳು. ಗೋಡೆಯ ಮೇಲೆ ಹಲ್ಲಿ ಕಾದೇ ಇರುತ್ತದೆ. ಅರ್ಧ ತಾಸಿನಲ್ಲಿ ನೆಲದ ತುಂಬ ಉದುರಿದ ರೆಕ್ಕೆಗಳು. ದೀಪವು ಜೀವಿಗಳನ್ನು ತೋರಿಸುವ ಮೊದಲು ಅವನ್ನು ಬರಮಾಡಿಕೊಳ್ಳುತ್ತದೆ.

ಪತಂಗವು ದೀಪಕ್ಕೆ ಮೋಹಗೊಂಡು ಬೀಳುವುದೆಂದು ಕವಿಗಳು ಹೇಳುತ್ತ ಬಂದರು. ನಾವು ಉಪಾಧ್ಯಾಯರೂ ಹಾಗೆಯೇ ಕಲಿಸಿದೆವು. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆ ಹೇಳುತ್ತದೆ. ಹಾರುವ ಕೀಟವು ಬೆಳಕು ಹೆಚ್ಚಿರುವ ಕಡೆಗೆ, ಎಂದರೆ ಸಹಜವಾಗಿ ಆಕಾಶಕ್ಕೆ, ಬೆನ್ನು ಮಾಡಿ ಮೇಲು-ಕೆಳಗನ್ನು ಅರಿಯುವುದು. ದೀಪವು ಪಕ್ಕದಲ್ಲಿದ್ದರೆ ಅದಕ್ಕೇ ಬೆನ್ನೊಡ್ಡಿ, ಸುತ್ತುತ್ತ ಸಿಕ್ಕಿಬೀಳುವುದು. ಇದು ಮೋಹವಲ್ಲ, ದಿಗ್ಭ್ರಮೆ. ಸ್ಪರ್ಶನ, ರಸನ, ಘ್ರಾಣಗಳ ಮೇಲೆ ದೊರೆತ ನಾಲ್ಕನೆಯ ಇಂದ್ರಿಯವಾದ ಚಕ್ಷುವೇ ಆ ಜೀವಿಗೆ ಮೃತ್ಯುವಾಗುತ್ತದೆ.

ಹಾಗಾದರೆ ಸ್ವಾಧ್ಯಾಯಕ್ಕೆ ಹಚ್ಚಿದ ದೀಪದ ಗತಿಯೇನು? ಉಣ್ಣದಿದ್ದರೆ ಸಾಕು, ವ್ರತ ನಡೆಯಿತೆಂದು ನಾನೂ ಬಹುಕಾಲ ತಿಳಿದಿದ್ದೆ. ನೆಲದ ಮೇಲಿನ ರೆಕ್ಕೆಗಳನ್ನು ಗುಡಿಸುತ್ತಿದ್ದವರು ಮನೆಯ ಹೆಂಗಸರು. ಚಾತುರ್ಮಾಸ್ಯದಲ್ಲಾದರೂ ಓದನ್ನು ಹಗಲಿಗೆ ತರುವುದು ಉತ್ತಮ. ಆಗದಿದ್ದರೆ ಹೊರದೀಪ ಆರಿಸಿ, ಕಿಟಕಿಗೆ ಪರದೆ ಎಳೆದು, ಹಳದಿ ದೀಪ ಹಾಕಿರಿ. ಬಿಳಿಯ ಬೆಳಕಿನಷ್ಟು ಅದಕ್ಕೆ ಕೀಟಗಳು ಬರುವುದಿಲ್ಲ. ಒಳಬಂದ ಪತಂಗವನ್ನು ಬೆರಳಿನಿಂದ ಹಿಡಿಯಬೇಡಿರಿ, ರೆಕ್ಕೆಯ ಹುಡಿ ಉದುರುವುದು. ದೀಪ ಆರಿಸಿ, ಬಾಗಿಲು ತೆರೆದು, ಸ್ವಲ್ಪ ಹೊತ್ತು ಕತ್ತಲೆಯಲ್ಲಿ ಕುಳಿತಿರಿ.