ಓದುಗನೇ ನಾಯಕನಾಗುವ ಕಥೆ



ಕಥೆಯನ್ನು ಓದುವವನು ಸಾಮಾನ್ಯವಾಗಿ ದಡದಲ್ಲಿ ನಿಂತು ಹೊಳೆಯನ್ನು ನೋಡುವವನಂತೆ ಇರುವನು. ಕಥಾನಾಯಕನು ಅಪಾಯದ ಬಾಗಿಲಿಗೆ ಕೈಯಿಟ್ಟಾಗ ‘ತೆರೆಯಬೇಡ’ ಎಂದು ನಾವು ಎಷ್ಟು ಹಂಬಲಿಸಿದರೂ ಅವನು ತೆರೆದೇ ತೀರುವನು. ಆದರೆ ಓದುಗನನ್ನೇ ಹೊಳೆಗೆ ಇಳಿಸುವ ಕಥೆಗಳೂ ಉಂಟು. ಅಲ್ಲಿ ಕಥೆಯು ಒಂದು ಕವಲಿನಲ್ಲಿ ನಿಂತು, ‘ಈಗ ನೀನು ಏನು ಮಾಡುವೆ?’ ಎಂದು ನಮ್ಮನ್ನೇ ಕೇಳುವುದು. ನಮ್ಮ ಉತ್ತರದಂತೆ ಮುಂದಿನ ಕಥೆ ನಡೆಯುವುದು. ಚಿತ್ರವಿಲ್ಲದೆ, ಕೇವಲ ಮಾತುಗಳಿಂದ ಗಣಕಯಂತ್ರದಲ್ಲಿ ಆಡುವ ಇಂತಹ ಕಥೆಯನ್ನು ‘ಪಠ್ಯಸಾಹಸ’ವೆಂದು ಕರೆಯೋಣ.

ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯಲ್ಲಿ ಈ ವಿಷಯ ಬಂದಾಗ ಒಬ್ಬ ಹುಡುಗನು, “ಸರ್, ಇಂಥವೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಆಗುತ್ತವೆ, ಕನ್ನಡದಲ್ಲಿ ಆಗುವುದಿಲ್ಲ” ಎಂದನು. ಅವನ ಮಾತು ನನ್ನನ್ನು ಅಷ್ಟಾಗಿ ನೋಯಿಸಲಿಲ್ಲ. ಉಳಿದವರಲ್ಲಿ ಒಬ್ಬರೂ ಅದನ್ನು ಅಲ್ಲಗಳೆಯಲಿಲ್ಲವೆಂಬುದೇ ನೋಯಿಸಿತು. ಈ ಪಾಠವು ಆ ಮೌನಕ್ಕೆ ಉತ್ತರ.

೧. ಹುಟ್ಟು

ಅಮೆರಿಕದ ವಿಲ್ ಕ್ರೌದರ್ ಎಂಬುವನು ಗಣಕಯಂತ್ರದ ಕೆಲಸಗಾರ. ಗುಹೆಗಳನ್ನು ಹೊಕ್ಕು ನಕ್ಷೆ ಬರೆಯುವುದು ಅವನ ಹವ್ಯಾಸ. ಕೆಂಟಕಿಯ ಮ್ಯಾಮತ್ ಗುಹೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ತನ್ನ ಹೆಣ್ಣುಮಕ್ಕಳು ಆಡಲೆಂದು ಅವನು ಒಂದು ಆಟವನ್ನು ಹೆಣೆದನು. ಅದರ ಹೆಸರು ‘ಅಡ್ವೆಂಚರ್’. ೧೯೭೭ರಲ್ಲಿ ಡಾನ್ ವುಡ್ಸ್ ಎಂಬುವನು ಅದನ್ನು ವಿಸ್ತರಿಸಿದನು. ಆಡುವವನು ‘ತೆಗೆದುಕೊ ದೀಪ’ ಎಂಬಂತೆ ಇಂಗ್ಲಿಷಿನ ಒಂದೆರಡು ಪದಗಳನ್ನು ಬೆರಳಚ್ಚಿಸಬೇಕು. ಯಂತ್ರವು ನಡೆದುದನ್ನು ವರ್ಣಿಸುವುದು. ಅದೇ ದಶಕದಲ್ಲಿ ಮುದ್ರಿತ ಪುಸ್ತಕದಲ್ಲಿಯೂ ಈ ಬಗೆ ಬೆಳೆಯಿತು. ಎಡ್ವರ್ಡ್ ಪ್ಯಾಕರ್ಡನ ‘ದಿ ಕೇವ್ ಆಫ್ ಟೈಮ್’ (೧೯೭೯) ಎಂಬ ಮಕ್ಕಳ ಪುಸ್ತಕದಲ್ಲಿ ಓದುಗನು ಆಯ್ಕೆ ಮಾಡಿ, ಹೇಳಿದ ಪುಟಕ್ಕೆ ಹಾರಬೇಕು. ಆದುದರಿಂದ ಈ ವಿದ್ಯೆಗೆ ಯಂತ್ರವೇ ಬೇಕೆಂಬ ನಿಯಮವಿಲ್ಲ, ಕಾಗದವೂ ಸಾಕು.

೨. ಗೂಢಚಾರನೇ ಏಕೆ?

ಗೂಢಚಾರನಿಗೆ ಪೂರ್ತಿ ಸಂಗತಿ ತಿಳಿದಿರುವುದಿಲ್ಲ. ಎದುರಿಗಿರುವವನು ಮಿತ್ರನೋ ಶತ್ರುವೋ ಎಂಬ ಸಂಶಯದಲ್ಲಿಯೇ ಅವನು ನಿರ್ಧರಿಸಬೇಕು. ಓದುಗನ ಸ್ಥಿತಿಯೂ ಅದೇ. ಹೀಗೆ ಇಬ್ಬರೂ ಒಂದೇ ಕತ್ತಲೆಯಲ್ಲಿ ನಡೆಯುವರು. ಅರ್ಜೆಂಟೀನಾದ ಬೋರ್ಹೆಸನು ೧೯೪೧ರಲ್ಲಿ ಕವಲೊಡೆಯುವ ಗ್ರಂಥದ ಕಲ್ಪನೆಯನ್ನು ಹೇಳಿದ ಕಥೆಯ ನಾಯಕನೂ ಒಬ್ಬ ಗೂಢಚಾರನೇ.

೧೯೮೭ರಲ್ಲಿ ಇನ್ಫೋಕಾಮ್ ಸಂಸ್ಥೆಯಿಂದ ಮಾರ್ಕ್ ಬ್ಲ್ಯಾಂಕನ ‘ಬಾರ್ಡರ್ ಜೋನ್’ ಎಂಬ ಆಟ ಬಂದಿತು. ಫ್ರಾಬ್ನಿಯಾ ಎಂಬ ಕಲ್ಪಿತ ದೇಶದ ಗಡಿಯಲ್ಲಿ ನಡೆಯುವ ಈ ಕಥೆಗೆ ಮೂರು ಭಾಗಗಳಿವೆ. ಪ್ರತಿಯೊಂದರಲ್ಲಿಯೂ ಆಡುವವನಿಗೆ ಬೇರೆ ಬೇರೆ ಪಾತ್ರ. ನಾವು ಯೋಚಿಸುತ್ತ ಕುಳಿತರೂ ಆಟದ ಗಡಿಯಾರ ನಿಲ್ಲದು. ಆಟದೊಡನೆ ಆ ಇಲ್ಲದ ದೇಶದ ಪ್ರವಾಸಿ ಕೈಪಿಡಿಯೊಂದನ್ನು ನಗೆ ಬರುವಂತೆ ಬರೆದು ಕೊಟ್ಟಿದ್ದರು. ೧೯೯೮ರಲ್ಲಿ ಆ್ಯಂಡ್ರೂ ಪ್ಲಾಟ್ಕಿನ್ ರಚಿಸಿದ ‘ಸ್ಪೈಡರ್ ಆ್ಯಂಡ್ ವೆಬ್’ ಇನ್ನೂ ಜಾಣತನದ್ದು. ಅಲ್ಲಿ ಗೂಢಚಾರನು ಆಗಲೇ ಸೆರೆಸಿಕ್ಕಿ, ನಡೆದುದನ್ನು ವಿಚಾರಣಾಧಿಕಾರಿಗೆ ಹೇಳುತ್ತಿರುವನು. ನಾವು ತಪ್ಪು ಹೆಜ್ಜೆಯಿಟ್ಟು ಕಥೆಯನ್ನು ಕೆಡಿಸಿದರೆ ಅಧಿಕಾರಿಯು ನಡುವೆ ತಡೆದು, ನಡೆದುದು ಹಾಗಲ್ಲವೆಂದು ಹೇಳಿ ಮತ್ತೆ ಆರಂಭಿಸುವನು. ಸೋಲು ಕೂಡ ಕಥೆಯ ಅಂಗವಾಯಿತು.

೩. ನಗೆಯ ಗುಟ್ಟು

ನಗೆಯ ಆಟಕ್ಕೆ ಪ್ರಸಿದ್ಧ ಉದಾಹರಣೆಯು ಡಗ್ಲಸ್ ಆ್ಯಡಮ್ಸ್ ಮತ್ತು ಸ್ಟೀವ್ ಮೆರೆಟ್ಸ್ಕಿ ೧೯೮೪ರಲ್ಲಿ ಕೂಡಿ ರಚಿಸಿದ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ’. ನಮ್ಮ ಬಳಿ ಏನೇನಿದೆಯೆಂದು ಕೇಳಿದರೆ ಆ ಆಟವು ಪಟ್ಟಿಯಲ್ಲಿ ‘ಚಹಾ ಇಲ್ಲ’ ಎಂಬುದನ್ನೂ ಒಂದು ವಸ್ತುವಾಗಿ ಎಣಿಸುವುದು! ಮುಂದೆ ಚಹಾವನ್ನೂ ‘ಚಹಾ ಇಲ್ಲ’ವನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕಾದ ಪ್ರಸಂಗವೂ ಬರುವುದು. ಯಂತ್ರದ ಕಟ್ಟುನಿಟ್ಟಾದ ಲೆಕ್ಕವನ್ನೇ ಗಂಭೀರಮುಖದಿಂದ ಅಸಂಬದ್ಧಕ್ಕೆ ಬಳಸಿದುದರಿಂದ ಇಲ್ಲಿ ನಗೆ ಹುಟ್ಟಿತು.

ಇದರಿಂದ ನಾವು ಕಲಿಯಬೇಕಾದ ಸೂತ್ರ ಇಷ್ಟು: ತಪ್ಪು ಆಯ್ಕೆ ಮಾಡಿದವನಿಗೆ ‘ನೀನು ಸೋತೆ’ ಎಂದಷ್ಟೇ ಹೇಳಿ ಕಳುಹಿಸಬಾರದು, ಅವನಿಗೆ ಒಂದು ಒಳ್ಳೆಯ ನಗೆಯನ್ನು ಕೊಟ್ಟು ಕಳುಹಿಸಬೇಕು. ಆಗ ಓದುಗನು ಸೋಲಿಗೆ ಹೆದರದೆ ಎಲ್ಲ ದಾರಿಗಳನ್ನೂ ಪರೀಕ್ಷಿಸುವನು.

೪. ಕವಲುಗಳ ಲೆಕ್ಕ

ಪ್ರತಿ ಪುಟದಲ್ಲಿಯೂ ಎರಡು ಆಯ್ಕೆಗಳಿದ್ದು, ಯಾವ ದಾರಿಯೂ ಇನ್ನೊಂದನ್ನು ಸೇರದಿದ್ದರೆ ಪುಟಗಳು ೧, ೨, ೪, ೮ ಎಂದು ಇಮ್ಮಡಿಯಾಗುತ್ತ ಹೋಗುವುವು. ಹತ್ತು ಆಯ್ಕೆಗಳಾಗುವಷ್ಟರಲ್ಲಿ ೧,೦೨೪ ಮುಕ್ತಾಯಗಳು, ಒಟ್ಟು ೨,೦೪೭ ಪುಟಗಳು! ಯಾರು ಬರೆಯಬಲ್ಲರು? ಆದುದರಿಂದ ಜಾಣನಾದ ಲೇಖಕನು ಕವಲೊಡೆದ ದಾರಿಗಳನ್ನು ಮುಂದೆ ಮತ್ತೆ ಕೂಡಿಸುವನು. ಪ್ರತಿ ಕವಲಿನ ಎರಡು ದಾರಿಗಳೂ ಒಂದೊಂದು ಪುಟ ನಡೆದು ಸೇರುವುದಾದರೆ, ಹತ್ತು ಕವಲಿನ ಪುಟಗಳು, ಇಪ್ಪತ್ತು ದಾರಿಯ ಪುಟಗಳು, ಒಂದು ಮುಕ್ತಾಯ: ಒಟ್ಟು ೩೧ ಪುಟಗಳು ಸಾಕು.

ಆದರೆ ಎಲ್ಲ ದಾರಿಗಳೂ ಸೇರಿಬಿಟ್ಟರೆ ಆಯ್ಕೆಗೆ ಬೆಲೆಯೇನು? ಇಲ್ಲಿ ‘ನೆನಪು’ ಸಹಾಯಕ್ಕೆ ಬರುವುದು. ನಾಯಕನ ಬಳಿ ಕೊಡೆ ಇದೆಯೇ ಇಲ್ಲವೇ, ಗುರುತು ಬಯಲಾಯಿತೇ ಇಲ್ಲವೇ ಎಂಬುದನ್ನು ಗುರುತುಹಾಕಿಕೊಂಡರೆ, ಸೇರಿದ ದಾರಿಯಲ್ಲಿಯೂ ಹಿಂದಿನ ಆಯ್ಕೆಯ ಫಲ ಕಾಣಿಸುವುದು. ಇಂತಹ ಮೂರು ನೆನಪುಗಳಿಂದ ಎಂಟು ಬೇರೆ ಬೇರೆ ಸ್ಥಿತಿಗಳಾಗುವುವು.

೫. ಕನ್ನಡದಲ್ಲಿ ಆಗದೇ?

ಕನ್ನಡದಲ್ಲಿಯೇ ಓದಿ ಮೆಟ್ರಿಕ್ ಮುಗಿಸಿದ ನಾನು ಮೊದಲ ಸಲ ಇಂಗ್ಲಿಷ್ ಆಟವೊಂದನ್ನು ಆಡಿದಾಗ, ವ್ಯಾಕರಣಶುದ್ಧವಾದ ಉದ್ದನೆಯ ವಿನಯವಾಕ್ಯವನ್ನು ಬರೆದೆನು. ಆ ಪದ ತನಗೆ ಗೊತ್ತಿಲ್ಲವೆಂದು ಯಂತ್ರವು ಉತ್ತರಿಸಿತು. ದಡ್ಡನು ನಾನೆಂದು ಅಂದು ಭಾವಿಸಿದೆನು. ಅದಕ್ಕೆ ತಿಳಿದಿದ್ದುದೇ ಕೆಲವು ನೂರು ಪದಗಳೆಂಬುದು ಅನಂತರ ತಿಳಿಯಿತು.

ಕನ್ನಡದಲ್ಲಿ ಆಜ್ಞೆಯನ್ನು ಅರ್ಥಮಾಡಿಕೊಳ್ಳುವ ಯಂತ್ರಕ್ಕೆ ಏನು ಕಲಿಸಬೇಕು? ನೀವು ಬೇಸರದಿಂದ ಕಲಿಯುವ ಸಂಧಿ ಮತ್ತು ವಿಭಕ್ತಿಗಳನ್ನೇ! ‘ಕೊಡೆ’ ಎಂಬುದಕ್ಕೆ ‘ಅನ್ನು’ ಸೇರಿದಾಗ ಯಕಾರಾಗಮದಿಂದ ‘ಕೊಡೆಯನ್ನು’. ‘ಹಸು’ವಿಗೆ ಸೇರಿದಾಗ ವಕಾರಾಗಮದಿಂದ ‘ಹಸುವನ್ನು’. ಈ ನಿಯಮಗಳನ್ನು ಹಿಂದುಮುಂದಾಗಿ ನಡೆಸಿದರೆ ಯಂತ್ರವು ಮೂಲಪದವನ್ನು ಕಂಡುಕೊಳ್ಳುವುದು. ‘ಅಧಿಕಾರಿಗೆ ಕಾಗದವನ್ನು ಕೊಡು’ ಎಂದರೂ ‘ಕಾಗದವನ್ನು ಅಧಿಕಾರಿಗೆ ಕೊಡು’ ಎಂದರೂ ಅರ್ಥ ಕೆಡದು. ಯಾವುದನ್ನು, ಯಾರಿಗೆ ಎಂಬುದನ್ನು ಪ್ರತ್ಯಯವೇ ಹೇಳುವುದು. ಕೆಲಸ ಹೆಚ್ಚು ನಿಜ, ಆದರೆ ಅಸಾಧ್ಯವಲ್ಲ.

ಇನ್ನೊಂದು ಸೊಬಗನ್ನು ನೋಡಿರಿ. ಇಂತಹ ಕಥೆಯ ನಾಯಕ ‘ನೀನು’. ಹಿಂದಿಯಲ್ಲಿ ‘ನೀನು ಹೋಗುವೆ’ ಎನ್ನಲು ಹುಡುಗನಿಗೆ ‘ತೂ ಜಾತಾ ಹೈ’, ಹುಡುಗಿಗೆ ‘ತೂ ಜಾತೀ ಹೈ’. ಮರಾಠಿಯಲ್ಲಿ ‘ಜಾತೋಸ್’, ‘ಜಾತೇಸ್’ ಎಂದು ಬೇರೆ ಬೇರೆ. ಕನ್ನಡದ ಮಧ್ಯಮಪುರುಷ ಕ್ರಿಯಾಪದಕ್ಕೆ ಲಿಂಗಭೇದವಿಲ್ಲ. ಒಂದೇ ವಾಕ್ಯವನ್ನು ಹುಡುಗನೂ ಹುಡುಗಿಯೂ ತನ್ನದೆಂದು ಓದಬಹುದು. ಈ ಬಗೆಯ ಕಥೆಗೆ ನಮ್ಮ ನುಡಿಯು ಸಹಜವಾಗಿಯೇ ಒಗ್ಗುವುದು.

೬. ತರಗತಿಯ ಪ್ರಯತ್ನ

ಹೀಗೆ ಚರ್ಚಿಸಿದ ಮೇಲೆ ನಾವೆಲ್ಲರೂ ಕೂಡಿ ಕಾಗದದ ಚೀಟಿಗಳ ಮೇಲೆ ಒಂದು ಕಥೆಯನ್ನು ಹೆಣೆದೆವು. ನಾಯಕನ ಹೆಸರು ‘ಗುಪ್ತಚರ ಮೂರೂವರೆ’. ಕೊಡೆಯ ಮಡಿಕೆಯಲ್ಲಿ ರಹಸ್ಯಪತ್ರವನ್ನಿಟ್ಟುಕೊಂಡು ಅವನು ಜುಲೈ ತಿಂಗಳಲ್ಲಿ ದಾದರ್ ನಿಲ್ದಾಣದಲ್ಲಿ ನಿಂತಿರುವನು. ‘ಇಂದು ಮಳೆ ಬರುವುದೇ?’ ಎಂದು ಕೇಳುವವನೇ ತನ್ನ ಕಡೆಯವನು ಎಂಬುದು ಸಂಕೇತ. ಮುಂಬಯಿಯ ಜುಲೈಯಲ್ಲಿ ಅದನ್ನು ಕೇಳದವರಾರು? ಐದು ನಿಮಿಷದಲ್ಲಿ ಹನ್ನೊಂದು ಜನ ಕೇಳುವರು. ಈಗ ಆಯ್ಕೆ: ಹನ್ನೊಂದನೆಯವನಿಗೆ ಕೊಡೆಯನ್ನು ಕೊಡುವೆಯೋ, ಪತ್ರವನ್ನು ಊಟದ ಡಬ್ಬಿಯಲ್ಲಿಟ್ಟು ಡಬ್ಬಾವಾಲಾನಿಗೆ ಒಪ್ಪಿಸುವೆಯೋ?

ಕೊಡೆ ಕೊಟ್ಟರೆ, ಆ ಮನುಷ್ಯನು ಬಲು ಪ್ರಾಮಾಣಿಕನಾದ ಗುಮಾಸ್ತ. ಲಕೋಟೆಯ ಮೇಲಿನ ‘ರಹಸ್ಯ ಕಚೇರಿ’ ಎಂಬ ವಿಳಾಸಕ್ಕೆ ಪತ್ರವನ್ನು ಮರಳಿಸುವನು, ಕೊಡೆಯನ್ನು ಮಾತ್ರ ಮರಳಿಸುವುದಿಲ್ಲ. ಡಬ್ಬಿಯಲ್ಲಿಟ್ಟರೆ, ಅದು ಗಂಟೆ ತಪ್ಪದೆ ತನ್ನ ಮೇಲಿನ ಗುರುತಿನಂತೆಯೇ ತಲುಪುವುದು. ಅಂದರೆ ಮೂರೂವರೆಯ ಸ್ವಂತ ಮೇಜಿಗೆ! ಎರಡು ದಾರಿಗಳೂ ಮೇಲಧಿಕಾರಿಯ ಮುಂದೆ ಸೇರುವುವು. ‘ಹೊರಗೆ ನಡೆ’ ಎಂದು ಅವರು ಗರ್ಜಿಸುವಾಗ ಕೊಡೆ ಇದೆಯೋ ಇಲ್ಲವೋ ಎಂಬ ನೆನಪು ಕೆಲಸಕ್ಕೆ ಬರುವುದು.

ಡಬ್ಬಿಯ ದಾರಿಯನ್ನು ಬರೆದವನು, ‘ಕನ್ನಡದಲ್ಲಿ ಆಗುವುದಿಲ್ಲ’ ಎಂದ ಹುಡುಗನೇ. ಓದಿ ಮುಗಿಸಿದಾಗ ತರಗತಿಯೆಲ್ಲ ನಕ್ಕಿತು. ಅವನು ಏನೂ ಹೇಳಲಿಲ್ಲ. ಇನ್ನೊಂದು ಚೀಟಿಯನ್ನು ಕೇಳಿ ತೆಗೆದುಕೊಂಡನು. ಆ ಆಯ್ಕೆಯೇ ನನಗೆ ಸಾಕಾದ ಉತ್ತರ.

ಅಭ್ಯಾಸ

(ಅ) ಗುಪ್ತಚರ ಮೂರೂವರೆಗೆ ಮೂರನೆಯ ಆಯ್ಕೆಯೊಂದನ್ನು ಬರೆಯಿರಿ. ಅದು ಸೋಲಿನ ದಾರಿಯಾಗಿರಲಿ, ಆದರೆ ನಗಿಸಲಿ.
(ಆ) ಎರಡು ಆಯ್ಕೆಗಳ ಆರು ಕವಲುಗಳಿವೆ. ದಾರಿಗಳು ಸೇರದಿದ್ದರೆ ಎಷ್ಟು ಪುಟಗಳು? ಮೇಲಿನ ಕ್ರಮದಂತೆ ಸೇರಿದರೆ ಎಷ್ಟು?
(ಇ) ಗುರು, ಡಬ್ಬಿ, ಮರ: ಇವುಗಳಿಗೆ ‘ಅನ್ನು’ ಪ್ರತ್ಯಯವನ್ನು ಸೇರಿಸಿ, ಯಾವ ಆಗಮವಾಯಿತೆಂದು ಹೇಳಿರಿ.