ದೇವಾಲಯದ ನೆಲದಲ್ಲಿರುವ ಗೆರೆ

ಯರಗೇರಾ, ದೇವದುರ್ಗ, ಮಾನ್ವಿ ಸೀಮೆಗಳ ನಮ್ಮ ಚಿಕ್ಕ ಸಭೆಗಳವರು ದೊಡ್ಡ ದೇವಾಲಯಗಳ ಚಿತ್ರಗಳನ್ನು ನೋಡಿ, ನಾವೂ ಒಮ್ಮೆ ಅಲ್ಲಿಗೆ ಹೋಗಿ ಬರಬೇಕೆಂದು ಆಶಿಸುವದುಂಟು. ಈ ಆಶೆಯು ತಪ್ಪಲ್ಲ. ಆದರೆ ಗೋಪುರದ ಎತ್ತರವನ್ನು ಮಾತ್ರ ನೋಡಿ ಬಂದವನಿಗೆ ಕುತ್ತಿಗೆ ನೋವಲ್ಲದೆ ಬೇರೇನೂ ದಕ್ಕುವದಿಲ್ಲ. ಆದದರಿಂದ ಇಂಥ ಕಟ್ಟೋಣದಲ್ಲಿ ಏನನ್ನು ವಿಚಾರಿಸಿ ನೋಡಬೇಕೆಂಬದನ್ನು ಈ ಪಾಠದಲ್ಲಿ ಕಲಿಯೋಣ.

1. ಕಥೀಡ್ರಲ್ ಅಂದರೇನು?

ಗ್ರೀಕ್ ಭಾಷೆಯಲ್ಲಿ ಕಥೆದ್ರ ಅಂದರೆ ಕೂಡ್ರುವ ಪೀಠ. ಬಿಷಪರ ಪೀಠವು ಯಾವ ದೇವಾಲಯದಲ್ಲಿರುವದೋ ಅದೇ ಕಥೀಡ್ರಲ್. ದೇವಾಲಯವು ದೊಡ್ಡದಾದ ಮಾತ್ರಕ್ಕೆ ಆ ಹೆಸರು ಬರಲಾರದು. ಬೆಂಗಳೂರಿನ ಸಂತ ಮಾರ್ಕನ ದೇವಾಲಯವು ಹೀಗೆಯೇ ಕಥೀಡ್ರಲ್ ಅನ್ನಿಸಿಕೊಳ್ಳುತ್ತದೆ. ಪೀಠವು ಕಲಿಸುವದಕ್ಕೂ ಮಂದೆಯನ್ನು ಕಾಯುವದಕ್ಕೂ ಗುರುತಾಗಿದೆಯೇ ಹೊರತು ಮೆರೆಯುವದಕ್ಕಲ್ಲ.

2. ಡರ್ಹಮಿನ ಬಾಗಿಲೂ ನೆಲವೂ

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಡರ್ಹಮ್ ಎಂಬ ಪಟ್ಟಣವಿದೆ. ಅಲ್ಲಿಯ ಕಥೀಡ್ರಲಿನ ಕೆಲಸವು 1093ರಲ್ಲಿ ಆರಂಭವಾಗಿ, ಸುಮಾರು 40 ವರುಷಗಳಲ್ಲಿ ಅದರ ಮುಖ್ಯ ಭಾಗವು ಮುಗಿಯಿತು. ಒಳಗಿನ ದೊಡ್ಡ ಕಂಬಗಳ ಸುತ್ತಳತೆಯೂ ಎತ್ತರವೂ ಒಂದೇ ಆಗಿವೆ. ಹ್ಯಾಗಂದರೆ, ಸುತ್ತಳತೆ ಸುಮಾರು 6.6 ಮೀಟರ್, ಎತ್ತರವೂ ಅಷ್ಟೇ. ನಾಲ್ಕು ಮಂದಿ ಕೈ ಕೈ ಹಿಡಿದು ನಿಂತರೆ ಒಂದು ಕಂಬವನ್ನು ಸುತ್ತುವರಿಯಬಹುದು.

ಆದರೆ ಕಂಬಗಳಿಗಿಂತ ಹೆಚ್ಚಾಗಿ ಎರಡು ಸಂಗತಿಗಳನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮೊದಲನೆಯದು, ಉತ್ತರದ ಬಾಗಿಲಿನ ಮೇಲೆ ಮೃಗದ ಮುಖವುಳ್ಳ ಒಂದು ಲೋಹದ ಬಳೆಯಿದೆ. (ಮೂಲ ಬಳೆಯನ್ನು ಈಗ ಬೇರೆ ಕಡೆ ಕಾಪಾಡಿದ್ದಾರೆ, ಬಾಗಿಲಲ್ಲಿರುವದು ಅದರ ಪ್ರತಿರೂಪ.) ಅಪರಾಧ ಮಾಡಿ ಓಡಿಬಂದವನು ಆ ಬಳೆಯನ್ನು ಬಡಿದರೆ ಅವನನ್ನು ಒಳಗೆ ಸೇರಿಸಿಕೊಂಡು 37 ದಿವಸ ಆಶ್ರಯ ಕೊಡುತ್ತಿದ್ದರು. ಅಷ್ಟರೊಳಗೆ ಅವನು ವಿಚಾರಣೆಗೆ ಒಪ್ಪಬೇಕು, ಇಲ್ಲವೇ ದೇಶವನ್ನು ಬಿಡಬೇಕು. 1624ರ ತನಕ ಇಂಗ್ಲೆಂಡಿನಲ್ಲಿ ಇಂಥ ಆಶ್ರಯವು ಕಾನೂನಿಗೆ ಒಪ್ಪಿಗೆಯಾಗಿತ್ತು.

ಎರಡನೆಯದು, ಪಶ್ಚಿಮದ ಕಡೆಯ ನೆಲದಲ್ಲಿ ಕಪ್ಪು ಕಲ್ಲಿನ ಒಂದು ಗೆರೆಯಿದೆ. ಆಗ ಅದು ಸನ್ಯಾಸಿಗಳ ಮಠವಾಗಿತ್ತು. ಸ್ತ್ರೀಯರು ಆ ಗೆರೆಯನ್ನು ದಾಟಿ ಮುಂದೆ ಬರಕೂಡದೆಂಬ ಕಟ್ಟಳೆಯಿತ್ತು. ನೋಡಿರಿ, ಕೈಗೆ ರಕ್ತ ಹತ್ತಿದ ಕೊಲೆಗಾರನಿಗೆ ಬಾಗಿಲು ತೆರೆಯುತ್ತಿತ್ತು. ಕೂಸನ್ನು ಎತ್ತಿಕೊಂಡು ಪ್ರಾರ್ಥನೆಗೆ ಬಂದ ತಾಯಿಯನ್ನಾದರೋ ಗೆರೆಯು ತಡೆಯುತ್ತಿತ್ತು. ಒಂದೇ ಮನೆಯಲ್ಲಿ ಕರುಣೆಯೂ ಕಾಠಿಣ್ಯವೂ ಕೂಡಿದ್ದವು. 1539ರಲ್ಲಿ ಆ ಮಠವು ಮುಚ್ಚಲ್ಪಟ್ಟಿತು. ಕಟ್ಟಳೆಯು ಹೋಯಿತು, ಕಲ್ಲು ಇನ್ನೂ ಇದೆ.

3. ಹಸಿದವರು ಒಳಗಿದ್ದಾಗ

ಆ ಕಥೀಡ್ರಲಿನಲ್ಲಿ ಇದಕ್ಕಿಂತ ದುಃಖಕರವಾದ ಕಾಲವೊಂದು ಬಂತು. 1650ರಲ್ಲಿ ಡನ್‌ಬಾರ್ ಎಂಬಲ್ಲಿ ಸ್ಕಾಟ್ಲೆಂಡಿನ ದಂಡು ಸೋತಿತು. ಸೆರೆಸಿಕ್ಕಿದವರಲ್ಲಿ ಸುಮಾರು 3,000 ಮಂದಿಯನ್ನು ಡರ್ಹಮಿಗೆ ನಡಿಸಿಕೊಂಡು ಬಂದು ಅಲ್ಲಿ ಕೂಡಿಹಾಕಿದರು. ಹಸಿವೆಯಿಂದಲೂ ರೋಗದಿಂದಲೂ ಸುಮಾರು 1,700 ಮಂದಿ ಸತ್ತರು. 2013ರಲ್ಲಿ ಹತ್ತಿರದ ನೆಲವನ್ನು ಅಗೆದಾಗ ಅವರಲ್ಲಿ ಕೆಲವರ ಎಲುಬುಗಳು ಸಿಕ್ಕಿದವು. ಎಲುಬುಗಳನ್ನು 2018ರಲ್ಲಿ ಪ್ರಾರ್ಥನೆಯೊಂದಿಗೆ ಮತ್ತೆ ಮಣ್ಣುಮಾಡಿದರು. ಕಮಾನು, ಕಂಬ, ಗೋಪುರ ಎಲ್ಲವೂ ಆಗಲೂ ಇದ್ದವು. ರೊಟ್ಟಿಯೊಂದೇ ಇರಲಿಲ್ಲ. ಕಲ್ಲು ತಾನಾಗಿಯೇ ಯಾರನ್ನೂ ಪರಿಶುದ್ಧ ಮಾಡಲಾರದೆಂದು ಇದರಿಂದ ತಿಳಿಯುತ್ತದೆ.

4. ಬರಗಾಲದಲ್ಲಿ ಎದ್ದ ಗೋಪುರ

ಈಗ ನಮ್ಮ ಹತ್ತಿರದ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಮೆದಕ್ ಪಟ್ಟಣವು ಹೈದರಾಬಾದಿನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಹಳೆಯ ಮೆದಕ್ ಜಿಲ್ಲೆಯು ನಮ್ಮ ಬೀದರಿಗೆ ನೆರೆಯಾಗಿತ್ತು. ರಾಯಚೂರೂ ಮೆದಕವೂ 1956ರ ವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿ ವೆಸ್ಲಿಯನ್ ಮಿಶನಿನ ಚಾರ್ಲ್ಸ್ ವಾಕರ್ ಪೊಸ್ನೆಟ್ ಎಂಬವರು 1914ರಲ್ಲಿ ಆರಂಭಿಸಿದ ದೇವಾಲಯವು 1924ನೇ ಡಿಸೆಂಬರ್ 25ರಂದು ಪ್ರತಿಷ್ಠೆಯಾಯಿತು. ಅದರ ಉದ್ದ ಸುಮಾರು 200 ಅಡಿ, ಅಗಲ 100 ಅಡಿ, ಗೋಪುರದ ಎತ್ತರ ಸುಮಾರು 175 ಅಡಿ. ಕಮಾನುಗಳು ಇಂಗ್ಲೆಂಡಿನ ಪುರಾತನ ದೇವಾಲಯಗಳ ರೀತಿಯವು. ಬಣ್ಣದ ಗಾಜಿನ ಮೂರು ದೊಡ್ಡ ಕಿಟಕಿಗಳಲ್ಲಿ ಕರ್ತನ ಜನನವೂ ಶಿಲುಬೆಯ ಮರಣವೂ ಪರಲೋಕಾರೋಹಣವೂ ಚಿತ್ರಿತವಾಗಿವೆ. 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯು ಕೂಡಿಬಂದ ಮೇಲೆ ಇದು ಕಥೀಡ್ರಲ್ ಆಯಿತು.

ಆದರೆ ಅಲ್ಲಿಗೆ ಹೋದವರು ಮುಖ್ಯವಾಗಿ ವಿಚಾರಿಸತಕ್ಕದ್ದು ಇದು: ಈ ಕಲ್ಲುಗಳನ್ನು ಹೊತ್ತವರು ಯಾರು? ಆ ಸೀಮೆಯಲ್ಲಿ ಬರ ಬಿದ್ದಿತ್ತು. ಬರವೆಂದರೇನೆಂಬದನ್ನು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮನೆಗೆ ಬೀಗ ಹಾಕಿ ಗುಳೆ ಹೋಗುವ ದುಃಖವನ್ನು ನಾವು ಬಲ್ಲೆವು. ಅಂಥ ಕಾಲದಲ್ಲಿ ಹಸಿದ ಜನರಿಗೆ ಕೆಲಸವನ್ನೂ ಅನ್ನವನ್ನೂ ಕೊಡುವದಕ್ಕಾಗಿ ಈ ಕಟ್ಟೋಣವು ಎದ್ದಿತು. ಅವರು ಭಿಕ್ಷೆಯನ್ನಲ್ಲ, ದುಡಿದ ಕೂಲಿಯನ್ನು ಉಂಡರು. ಆ ಸಭೆಯವರಲ್ಲಿ ಹೆಚ್ಚಿನವರು ಮಾಲ, ಮಾದಿಗ ಕುಲಗಳಿಂದ ಬಂದವರು. ಊರ ಗುಡಿಯ ಮೆಟ್ಟಲನ್ನು ಹತ್ತಗೊಡಿಸಲ್ಪಡದವರಿಗೆ ಆ ದೊಡ್ಡ ಬಾಗಿಲು ತೆರೆಯಿತು. ಡರ್ಹಮಿನಲ್ಲಿ ಕಮಾನುಗಳ ಕೆಳಗೆ ಜನರು ಹಸಿದು ಸತ್ತರು. ಮೆದಕಿನಲ್ಲಿ ಕಮಾನುಗಳನ್ನು ಕಟ್ಟುತ್ತಾ ಜನರು ಬದುಕಿದರು.

5. ನಮ್ಮ ನೆಲದಲ್ಲಿ ಗೆರೆಯಿದೆಯೋ?

ಪ್ರಿಯರೇ, ನಮ್ಮ ದೇವಾಲಯಗಳ ನೆಲವು ಸೆಗಣಿ ಸಾರಿಸಿದ್ದಾಗಲಿ ಬಂಡೆ ಹಾಸಿದ್ದಾಗಲಿ, ಅದರಲ್ಲಿ ಕಪ್ಪು ಕಲ್ಲು ಕಾಣದು. ಆದರೂ ಕಾಣದ ಗೆರೆಗಳು ಇರಬಹುದು. ಊರವರು ನಮ್ಮ ಹಿರಿಯರನ್ನು ಗೆರೆಯ ಆಚೆ ನಿಲ್ಲಿಸಿದರೆಂದು ನಾವು ಇಂದಿಗೂ ನೊಂದುಕೊಳ್ಳುತ್ತೇವೆ. ಹಾಗಿದ್ದ ಮೇಲೆ, ಬೇರೆ ಕೇರಿಯಿಂದ ಬಂದ ವಿಶ್ವಾಸಿಯ ಮನೆಯಲ್ಲಿ ನೀರು ಕುಡಿಯುವದಕ್ಕೆ ಹಿಂಜರಿಯುವದು ನ್ಯಾಯವೋ? ಹೆಣ್ಣುಮಕ್ಕಳು ಕಸಗುಡಿಸುವದಕ್ಕೆ ಬೇಕು, ಆಲೋಚನಾ ಸಭೆಗೆ ಬೇಡವೆಂಬದು ಯಾವ ನ್ಯಾಯ? ನಮ್ಮ ನೆರೆಯ ಆಂಧ್ರ ಸೀಮೆಯ ನಂದ್ಯಾಲದಲ್ಲಿ 2013ರಲ್ಲಿ ಇ. ಪುಷ್ಪಲಲಿತ ಎಂಬವರು ಬಿಷಪರಾದರು; ದಕ್ಷಿಣ ಇಂಡಿಯಾ ಸಭೆಯಲ್ಲಿ ಆ ಪೀಠಕ್ಕೆ ಬಂದ ಮೊದಲನೆಯ ಸ್ತ್ರೀ ಅವರೇ. ಇಂಗ್ಲೆಂಡಿನ ಸಭೆಯಲ್ಲಿ ಸ್ತ್ರೀಯೊಬ್ಬರು ಬಿಷಪರಾದದ್ದು 2015ರಲ್ಲಿ. ಈ ಒಂದು ಗೆರೆಯನ್ನು ನಮ್ಮ ಕಡೆಯವರೇ ಮೊದಲು ದಾಟಿದರು.

ಜೀವವುಳ್ಳ ಮನುಷ್ಯರೇ ದೇವರ ಆಲಯವೆಂದು ಅಪೊಸ್ತಲನು ಬೋಧಿಸಿದ್ದಾನೆ. ಆದದರಿಂದ ದೊಡ್ಡ ದೇವಾಲಯವನ್ನು ನೋಡಿ ಬಂದವರು ಮೊದಲು ತಮ್ಮ ನೆಲವನ್ನು ನೋಡಲಿ. ಬಾಗಿಲು ಬಡಿದವನಿಗೆ ತೆರೆಯುವ, ಹಸಿದವನಿಗೆ ರೊಟ್ಟಿ ಮುರಿಯುವ, ಗೆರೆಯನ್ನು ಅಳಿಸುವ ಸಭೆಗೆ ಗೋಪುರವಿಲ್ಲದಿದ್ದರೂ ಕೊರತೆಯಿಲ್ಲ.

ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ಡರ್ಹಮಿನ ಬಾಗಿಲ ಬಳೆಯೂ ನೆಲದ ಗೆರೆಯೂ ನಮಗೆ ಯಾವ ಎರಡು ಪಾಠಗಳನ್ನು ಕಲಿಸುತ್ತವೆ?
2. ಮೆದಕಿನ ಕೆಲಸದಲ್ಲಿ ಹಸಿದವರ ಮಾನವು ಹ್ಯಾಗೆ ಉಳಿಯಿತು?
3. ನಮ್ಮ ಸಭೆಯಲ್ಲಿ ಇನ್ನೂ ಗೆರೆಯ ಆಚೆ ನಿಂತಿರುವವರು ಯಾರು? ಅವರನ್ನು ಕರೆತರುವದಕ್ಕೆ ಮೊದಲು ಹೋಗತಕ್ಕವರು ಯಾರು?